ಒಲೆಯ ಪಕ್ಕದ ಹಾರೆ

ಹೋದ ವಾರ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಬಸವನ ಬಾಗೇವಾಡಿಯ ಗಾಡಿಗೆ ಕಾಯುತ್ತ ನಿಂತಿದ್ದೆ. ಎದುರಿನ ಚಹಾದಂಗಡಿಯವನು ಬೇವಿನ ಹಸಿ ಟೊಂಗೆಗಳನ್ನು ಒಲೆಗೆ ತುರುಕಿ, ಕೆನ್ನೆ ಉಬ್ಬಿಸಿ ಊದುತ್ತಿದ್ದ. ಬೆಂಕಿ ಬರಲಿಲ್ಲ. ಬಂದದ್ದು ಹೊಗೆ. ಹಳದಿ ಬೆರೆತ ಬೂದಿಬಣ್ಣದ, ಗಂಟಲಿಗೆ ಕಹಿ ಹಚ್ಚುವ ಹಠಮಾರಿ ಹೊಗೆ. ಬೆಂಚಿನ ಮೇಲೆ ಕೂತವರೆಲ್ಲ ಸೆರಗು, ಟವೆಲ್ಲು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡರು. ನನ್ನ ಪಕ್ಕದ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಯಾರನ್ನೂ ದೂರದೆ, “ಒಲಿ ಅಂದಮ್ಯಾಲ ಹೊಗಿ ಇರೂದ ಬಿಡ್ರಿ” ಅಂದಳು.

ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎದ್ದು ಅಂಗಡಿಯ ಮುಂದೆ ಹೋಗಿ ನಿಂತೆ.

“ಏನ್ರೀ, ಆ ಹಸಿ ಟೊಂಗಿ ಹೊರಗ ತಗೀರಿ. ಒಲಿ ಬುಡದಾಗ ಬೂದಿ ಗಚ್ಚ ತುಂಬೈತಿ, ಗಾಳಿ ಎಲ್ಲಿಂದ ಬರಬೇಕು? ಇಟ್ ಕಾಂಟ್ ಬ್ರೀದ್!”

ಅವನು ತಲೆಯೆತ್ತಿ ಭಾರೀ ಮರ್ಯಾದೆಯಿಂದ, “ಅಜ್ಜೀ, ನಿಮ್ಮ ಗಾಡಿ ಬಂತ ನೋಡ್ರಿ” ಅಂದ. ಗಾಡಿ ಬಂದಿರಲಿಲ್ಲ.

ಆಮೇಲೆ ಬಂತು. ಕಿಟಕಿಯ ಪಕ್ಕ ಕೂತೆ. ಸೆರಗಿಗೆ ಹತ್ತಿದ ಆ ಕಹಿ ವಾಸನೆ ಬಾಗೇವಾಡಿಯವರೆಗೂ ಜೊತೆಗೇ ಬಂತು. ಅದರ ಬೆನ್ನು ಹಿಡಿದು ಇಂಡಿ ಊರಿನ ಆ ಒಂದು ಚಳಿಗಾಲವೂ ಬಂತು. ದೀಪಾವಳಿಯಿಂದ ಎಳ್ಳ ಅಮಾವಾಸ್ಯೆಯವರೆಗೆ, ನನ್ನ ಗಂಡನ ಅಕ್ಕ ಶಾಂತವ್ವನ ಮನೆಯಲ್ಲಿ, ಒಂದು ಒಲೆಗಾಗಿ ನಾನು ಜಗಳವಾಡಿದ ಚಳಿಗಾಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಬಾಗೇವಾಡಿಗೆ ಬಂದು, ಅಲ್ಲೇ ಇಂಗ್ಲಿಷ್ ಟೀಚರ್ ಆಗಿ ನಿವೃತ್ತಳಾದವಳು. ಇವರು ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ನನ್ನ ಪುಸ್ತಕ, ನನ್ನ ರೇಡಿಯೋ, ನನ್ನ ಮೊಂಡುತನ ಇವೆ. ಶಾಂತವ್ವನೆಂದರೆ ಇಂಡಿಯಲ್ಲಿ ರೊಟ್ಟಿ ಶಾಂತವ್ವ ಎಂದೇ ಹೆಸರು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕಟಕ ರೊಟ್ಟಿ ಮಾಡಿಕೊಡುವವಳು. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡದ ಎದುರು ಒರಗಿಸಿ, ಹಪ್ಪಳದಂತೆ ಗರಿಗರಿಯಾಗುವವರೆಗೆ ತಿರುತಿರುಗಿಸಿ ಒಣಗಿಸಬೇಕು. ಹಾಗೆ ಒಣಗಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಗ್ಯಾಸಿನ ನೀಲಿ ಬೆಂಕಿಗೆ ರೊಟ್ಟಿಯನ್ನು ಹಾಗೆ ಎದುರು ಕೂಡಿಸಿಕೊಳ್ಳುವ ಗುಣವಿಲ್ಲ. ಅದು ಕೆಳಗಿನಿಂದ ಮಾತ್ರ ಸುಡುತ್ತದೆ.

ಆ ವರ್ಷ ಹಿಂಗಾರಿ ಮಳೆ ತಡವಾಗಿ ಬಂದು, ಹೋಗದೆ ನಿಂತಿತ್ತು. ದೀಪಾವಳಿ ಮುಗಿದದ್ದೇ ಒಮ್ಮೆಲೆ ಚಳಿ ಬಿತ್ತು. ಒಂದು ಮುಂಜಾನೆ ಶಾಂತವ್ವನ ಮಗ ಮಲ್ಲು ಫೋನ್ ಮಾಡಿದ.

“ಅತ್ತಿ, ಅವ್ವ ಒಲಿ ಮುಂದ ಬಿದ್ದಾಳರಿ. ದವಾಖಾನ್ಯಾಗ ಹಾಕೇವಿ.”

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳಿಗೆ ಎಚ್ಚರವಾಗಿತ್ತು. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಆ ನಳಿಗೆಯ ಮೇಲಿಂದಲೇ ನನ್ನನ್ನು ನೋಡಿ, “ಬಂದೇನವ್ವಾ ಕಾನ್ವೆಂಟಿನಾಕಿ? ಹಿಟ್ಟು ಕಲಸಿಟ್ಟು ಬಂದೇನಿ, ಹುಳಿ ಆಗಿರತೈತಿ. ರೇಖಾಗ ಹೇಳು” ಅಂದಳು. ರೇಖಾ ಅವಳ ಸೊಸೆ. ಆ ಮುಂಜಾನೆ ಅತ್ತೆಯನ್ನು ತೋಳು ಹಿಡಿದು ಅಂಗಳಕ್ಕೆ ಎಳೆದು ತಂದು ಜೀವ ಉಳಿಸಿದವಳು ಅವಳೇ. ಚಳಿಯೆಂದು ಶಾಂತವ್ವ ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು, ತೊಯ್ದ ಕಟ್ಟಿಗೆಯಿಂದ ಒಲೆ ಹೊತ್ತಿಸಿದ್ದಳಂತೆ. ತಲೆ ಸುತ್ತಿತು, ಕಣ್ಣಿಗೆ ಕತ್ತಲೆ ಬಂತು, ಅಷ್ಟೇ ನೆನಪು.

ಮನೆಗೆ ಕರೆತಂದ ದಿನವೇ ಮಲ್ಲು ತೀರ್ಮಾನ ಹೇಳಿಬಿಟ್ಟ. ಅವನದು ಹಾರ್ಡ್‌ವೇರ್ ಅಂಗಡಿ, ಮಾತೂ ಕಬ್ಬಿಣದ್ದೇ. ಬರುವಾಗ ಅಂಗಡಿಯಿಂದ ಹೊಸ ಹಾರೆಯೊಂದನ್ನು ತಂದು ಅಂಗಳದ ಗೋಡೆಗೆ ಆನಿಸಿದ.

“ನಾಳೆ ಗೌಂಡಿ ಬರ್ತಾನ. ಒಲಿ ಒಡಸ್ತೇನಿ. ಡಾಕ್ಟರ್ ಹೊಗಿ ಬಂದ್ ಅಂದಾರ. ಗ್ಯಾಸ್ ಐತಿ, ಕರೆಂಟಿನ ಒಲಿನೂ ತಂದು ಕೊಡ್ತೇನಿ. ರೊಟ್ಟಿ ಸಾಕು ಇನ್ನ.”

ಮಗ ಹೊರಗೆ ಹೋದ ಮೇಲೆ ಶಾಂತವ್ವ ಹಾಸಿಗೆಯಲ್ಲಿ ಗೋಡೆಯ ಕಡೆ ಹೊರಳಿ, ಮೆಲ್ಲಗೆ ಅಂದಳು: “ಕಮಲಾ, ಇಷ್ಟು ವರ್ಷ ಈ ಊರಿಗೆ ಉಣಸಾಕಿ ಆಗಿದ್ನಿ. ನಾಳಿಂದ ಮಗನ ಮನ್ಯಾಗ ಕುಂತು ಉಣ್ಣಾಕಿ ಆಗ್ತೇನಿ.”

ನನಗೆ ಮಲ್ಲುವಿನ ಮೇಲೆ ಸಿಟ್ಟು ಬರಲಿಲ್ಲ. ತಾಯಿ ಎಚ್ಚರತಪ್ಪಿ ಅಂಗಳದಲ್ಲಿ ಮಲಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಸಿಟ್ಟು ಬಂದದ್ದು ಒಂದು ಯೋಚನೆಯ ಮೇಲೆ. ತಲೆತಲಾಂತರ ಹೆಂಗಸರು ಹೊಗೆ ಕುಡಿದರು, ಆಗ ಯಾರಿಗೂ ಒಂದು ಕಿಂಡಿ ಕೊರೆಯಬೇಕೆನ್ನಿಸಲಿಲ್ಲ. ಈಗ ಹೆಂಗಸೊಬ್ಬಳು ಬಿದ್ದರೆ ಅವಳ ಕೆಲಸವನ್ನೇ ಒಡೆಯಲು ಹಾರೆ ಬರುತ್ತದೆ. ಹೊಗೆಯನ್ನು ಸಹಿಸು, ಇಲ್ಲವೇ ಒಲೆಯನ್ನು ಬಿಡು. ಮೂರನೆಯ ಆಪ್ಶನ್ ಇಲ್ಲವೇ ಇಲ್ಲವೇ? ನಾನ್ಸೆನ್ಸ್.

ಮರುದಿನ ಬೆಳಿಗ್ಗೆ ನಾನು ಮೊದಲು ದವಾಖಾನೆಗೆ ಹೋದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗಡಿಬಿಡಿಯವಳು.

“ಶಾಂತವ್ವನ ಒಲಿ ಒಡೀರಿ ಅಂತ ಹೇಳೀರೇನು?” ಅಂತ ಕೇಳಿದೆ.

“ನಾ ಹೊಗಿ ಬ್ಯಾಡ ಅಂದೇನ್ರಿ ಮೇಡಂ. ಒಲಿ ಒಡೀರಿ ಅಂತ ಎಲ್ಲಿ ಬರದೇನಿ?” ಅಂದಳು. ಆಮೇಲೆ ಪೆನ್ನು ಕೆಳಗಿಟ್ಟು, ನನ್ನನ್ನೇ ಪೇಶಂಟ್ ಮಾಡಿಕೊಂಡು ಹೇಳಿದಳು: “ಹೊಗಿ ಹೊರಗ ಹೋಗುವಂಥ ಒಲಿ ಕಟ್ಟಿಸ್ರಿ, ನನ್ನ ತಕರಾರಿಲ್ಲ. ಆದ್ರ ಹೊಗಿ ಎದ್ದರ ಅವರು ಎದ್ದು ಹೊರಗ ಬರಬೇಕು. ಉಸಿರಿನ ಪಂಪ್ ತಗೊಳೋದು ತಪ್ಪಬಾರದು. ಮತ್ತ ಒಳಗ ಕೆಂಡ ಇಟ್ಟು ಬಾಗಲಾ ಹಾಕೂದು ಈ ಜನ್ಮಕ್ಕ ಬ್ಯಾಡ. ಹೊಗಿ ಕಣ್ಣಿಗೆ ಕಾಣತೈತಿ. ಕೆಂಡದ ಕೆಟ್ಟ ಗಾಳಿ ಕಾಣೂದಿಲ್ಲ, ವಾಸನಿನೂ ಇಲ್ಲ. ತಿಳಿಯೂದರಾಗ ಮನಷಾ ಹೋಗಿರ್ತಾನ.”

ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಗೌಂಡಿ ರಾಜೇಸಾಬ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆ ಓಣಿಯ ಅರ್ಧ ಮನೆಗಳನ್ನು ಅವರೂ ಅವರ ತಂದೆಯೂ ಕಟ್ಟಿದವರು. ನಾನು ಅಡುಗೆಮನೆಗೆ ಹೋಗಿ ನಡುವೆ ನಿಂತು ಮೇಲೆ ನೋಡಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಚಾವಣಿಯಲ್ಲಿ ಒಂದು ಬೆಳಕಿಂಡಿ ಇರುತ್ತದೆ. ಮಳೆ ಬಂದಾಗ ಅದರ ಮೇಲೆ ಹರಿವಾಣ ಮುಚ್ಚಿ, ನಿಂತಾಗ ತೆಗೆಯುತ್ತಾರೆ. ಶಾಂತವ್ವನ ಮನೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದಿತ್ತು. ಆದರೆ ಆ ಕೋಲಿನಲ್ಲಿ, ರೇಖಾ ಹಚ್ಚಿಟ್ಟ ಊದುಬತ್ತಿಯ ಹೊಗೆಯ ಎಳೆಗಳು ಮೇಲೆ ಹೋಗದೆ ಸುತ್ತು ಹೊಡೆಯುತ್ತಿದ್ದವು.

“ರೇಖಾ, ಮ್ಯಾಲೇನೈತಿ?”

“ಗ್ಲಾಸ್ ಐತ್ರಿ ಅತ್ತಿ. ಸಿಮೆಂಟ್ ಹಾಕಿ ಕುಂದ್ರಸೇವಿ. ಮಂಗ್ಯಾ ಇಳದು ರೊಟ್ಟಿ ಥಪ್ಪಿನ ಹೊತ್ಕೊಂಡು ಹೋತು, ಹೋದ ವರ್ಷ. ಅದಕ್ಕ ಇವರು ಗ್ಲಾಸ್ ತಂದ್ರು. ಬೆಳಕು ಹಂಗs ಬರತೈತಲ್ರಿ?”

ಬೆಳಕು ಬರುತ್ತಿತ್ತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಮೇಲೆ ನೀಲಿ ಆಕಾಶ ಕಾಣುವಾಗ ಕಿಂಡಿ ಮುಚ್ಚಿದೆ ಎಂದು ಯಾರಿಗೆ ತೋಚುತ್ತದೆ? ಒಂದು ಮಂಗನಿಗೆ ಹೆದರಿ ಒಂದು ಮನೆಯ ಉಸಿರು ಕಟ್ಟಿದ್ದರು.

ಆಗ ಬಗ್ಗಿ ಒಲೆಯನ್ನು ನೋಡಿದೆ. ಶಾಂತವ್ವ ಪ್ರತಿ ಹಬ್ಬಕ್ಕೆ, ಅಮಾವಾಸ್ಯೆಗೆ, ಸೋಮವಾರಕ್ಕೆ ಒಲೆ ಸಾರಿಸುವವಳು. ಕೆಮ್ಮಣ್ಣು, ಸಗಣಿ, ಅದರ ಮೇಲೆ ಸುಣ್ಣದ ಗೆರೆ. ವರ್ಷಗಟ್ಟಲೆ ಪದರದ ಮೇಲೆ ಪದರ ಕೂತು ಒಲೆಯ ತುಟಿಗಳು ದಪ್ಪಗಾಗಿ, ಬಾಯಿ ಕಿರಿದಾಗಿತ್ತು. ಪಕ್ಕದ ಎರಡನೆಯ ಬಾಯಿಗೆ, ಅಂದರೆ ಕೋಡೊಲೆಗೆ, ಬೆಂಕಿ ಹೋಗುವ ದಾರಿ ಹೆಚ್ಚೂಕಡಿಮೆ ಮುಚ್ಚೇ ಹೋಗಿತ್ತು. ಮೇಲೆ ಗಾಜು, ಕೆಳಗೆ ಭಕ್ತಿ. ನಡುವೆ ಶಾಂತವ್ವ.

ನಾನು ಹೊರಗೆ ಬಂದು ಮಲ್ಲುವಿನ ಎದುರು ನಿಂತೆ.

“ಎಳ್ಳ ಅಮಾಸಿ ತನಕ ಟೈಮ್ ಕೊಡು. ಆ ದಿನ ಚರಗದ ರೊಟ್ಟಿ ಇದೇ ಒಲಿ ಮ್ಯಾಲ ಆಗ್ತಾವು. ನೀನೇ ಬಂದು ಅಡಗಿಮನ್ಯಾಗ ನಿಂದ್ರು. ಹೊಗಿ ಇದ್ರ ನಾನೇ ಈ ಹಾರಿ ಹಿಡದು ಒಡೀತೇನಿ. ದಟ್ಸ್ ಎ ಪ್ರಾಮಿಸ್.”

“ಅತ್ತಿ, ನಿಮಗ ಹಾರಿ ಎತ್ತಾಕ ಬರತೈತೇನ್ರಿ?”

“ಅದು ನನ್ನ ಪ್ರಾಬ್ಲಮ್. ಅಲ್ಲೀತನಕ ನಿಮ್ಮವ್ವ ಒಲಿ ಮುಂದ ಕುಂದ್ರೂದಿಲ್ಲ. ಬರೇ ನಾನು ಕುಂದರತೇನಿ.”

ಒಳಗಿನಿಂದ ಶಾಂತವ್ವನ ದನಿ ಕೇಳಿತು. ಆ ದಿನ ಮೊದಲ ಸಲ ಅವಳ ದನಿಗೆ ಜೀವ ಬಂದಿತ್ತು. “ಆಕಿ ಕುಂತ್ರ ರೊಟ್ಟಿ ಆಗೂದಿಲ್ಲೋ ಮಲ್ಲು, ಭೂಪಟ ಆಗತಾವು!”

ರಾಜೇಸಾಬರು ಕಪ್ಪು ಕೆಳಗಿಟ್ಟು ನಕ್ಕರು. “ಒಡಿಯಾಕ ಕರದೀರಿ, ಕಟ್ಟಾಕ ಹಚ್ಚೀರಿ. ನನಗೇನು, ಕೈ ಎರಡಕ್ಕೂ ಬರತೈತಿ.”

ಹೀಗೆ ಆ ಚಳಿಗಾಲದ ಕೆಲಸ ಶುರುವಾಯಿತು.

ನನಗೆ ಬೆಂಕಿಯ ಬಗ್ಗೆ ಗೊತ್ತಿದ್ದದ್ದೆಲ್ಲ ಸಿಸ್ಟರ್ ಬೆನಿಟಾ ಅವರಿಂದ. ಕಾನ್ವೆಂಟಿನ ಅಡುಗೆಮನೆಯಲ್ಲಿ ಕಬ್ಬಿಣದ ದೊಡ್ಡ ಒಲೆಯಿತ್ತು. ಬೆಳಗಾವಿಯ ಮಳೆಗಾಲದಲ್ಲಿ ಬೋರ್ಡಿಂಗ್ ಹುಡುಗಿಯರಿಗೆ ಪಾಳಿಯ ಮೇಲೆ ಆ ಒಲೆ ಹೊತ್ತಿಸುವ ಕೆಲಸ. ಎಲ್ಲರಿಗೂ ಬೇಸರ, ನನಗೆ ಮಾತ್ರ ಸ್ವರ್ಗ. ತೊಯ್ದ ಕಾಲ್ಚೀಲಗಳನ್ನು ಒಲೆಯ ಹತ್ತಿರ ಒಣಹಾಕಿ, ಆ ಉಣ್ಣೆಯ ಬೆಚ್ಚನೆ ವಾಸನೆಯಲ್ಲಿ ಕೂತಿರುತ್ತಿದ್ದೆ. ಸಿಸ್ಟರ್ ತೋಳು ಮೇಲೇರಿಸಿ ಹೇಳುತ್ತಿದ್ದರು: “ಗರ್ಲ್ಸ್, ಫೈರ್ ಈಸ್ ಎ ಗೆಸ್ಟ್. ಬರಲು ಬಾಗಿಲು ತೆರೆಯಬೇಕು, ಹೋಗಲು ದಾರಿ ಬಿಡಬೇಕು. ಎರಡರಲ್ಲಿ ಒಂದು ಮರೆತರೆ ಅತಿಥಿ ಮನೆಯೊಳಗೇ ಗಲಾಟೆ ಮಾಡುತ್ತಾನೆ.” ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಆ ದನಿ ಮಾತ್ರ ಇಷ್ಟು ವರ್ಷದ ಮೇಲೂ ನನ್ನ ಕಿವಿಯಲ್ಲಿ ತೋಳೇರಿಸಿಕೊಂಡು ನಿಂತಿದೆ.

ಇದನ್ನು ಶಾಂತವ್ವನಿಗೆ ಹೇಳಿದೆ. ಅವಳು ಬಾಗಿಲ ಹೊರಗೆ ಕಂಬಳಿ ಹೊದ್ದು, ನಮ್ಮ ಕೆಲಸದ ಮೇಲೆ ಕಣ್ಣಿಟ್ಟು ಕೂತಿದ್ದಳು.

“ನಿಮ್ಮ ಸಿಸ್ಟರಿಗೆ ಬೆಂಕಿ ಬೀಗರು ಇರಬೇಕು. ನನಗ ಬೆಂಕಿ ಅಂದ್ರ ಮನಿ ಮಗಳು.”

“ಮನಿ ಮಗಳಾದ್ರೂ ಉಸರಾಡಬೇಕಲ್ಲ, ಶಾಂತಕ್ಕಾ?”

ಅವಳು ಆ ಕಡೆ ತಿರುಗಿ ರಾಜೇಸಾಬರನ್ನು ಬೈದಳು.

ಮೊದಲು ಬೆಳಕಿಂಡಿ. ನಾನೂ ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದೆ. ರೇಖಾ ಕೆಳಗೆ ನಿಂತು ನಿಚ್ಚಣಿಕೆಗಿಂತ ಗಟ್ಟಿಯಾಗಿ ತನ್ನ ಉಸಿರು ಹಿಡಿದುಕೊಂಡಿದ್ದಳು. ಸಿಮೆಂಟು ಕೆತ್ತಿ ಗಾಜು ಎಬ್ಬಿಸಿ, ಮೂಲೆಗೊಂದರಂತೆ ಇಟ್ಟಿಗೆ ಇಟ್ಟು ಅದರ ಮೇಲೆ ಮತ್ತೆ ಗಾಜನ್ನು ಕೂಡಿಸಿದೆವು. ಸುತ್ತಲೂ ಮಲ್ಲುವಿನ ಅಂಗಡಿಯ ಜಾಳಿಗೆ. ಈಗ ಮಳೆ ಬಾರದು, ಮಂಗ ಬಾರದು, ಬಿಸಿಗಾಳಿ ಹೋಗಬಹುದು. ಅಲ್ಲಿಂದ ಇಂಡಿಯ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ದೂರದಲ್ಲಿ ನಿಂಬೆ ತೋಟಗಳ ಕಪ್ಪು ಹಸಿರು, ಅದರಾಚೆ ತೆನೆ ಕಟ್ಟಲು ಕಾಯುತ್ತಿದ್ದ ಬಿಳಿಜೋಳ. ಗಾಳಿಯಲ್ಲಿ ಹಿಂಗಾರಿ ಮಣ್ಣಿನ ತಂಪು. ಈ ವಯಸ್ಸಿನಲ್ಲಿ ಮಾಳಿಗೆ ಏರಿದ್ದಕ್ಕೆ ಆಮೇಲೆ ಓಣಿಯವರೆಲ್ಲ ನನ್ನನ್ನು ಬೈದರು. ಬೈಯಲಿ. ಅವರ್ಯಾರೂ ಆ ನೋಟ ಕಂಡಿರಲಿಲ್ಲ.

ಆಮೇಲೆ ಒಲೆ. ಹಳೆಯ ಪದರಗಳನ್ನು ರಾಜೇಸಾಬರು ಬಾಚಿಯಿಂದ ಎಬ್ಬಿಸಿದಾಗ ಒಳಗಿನಿಂದ ಮೂಲ ಒಲೆ ಹೊರಬಂತು. ಅದು ಎಷ್ಟು ಸಣ್ಣದಿತ್ತೆಂದರೆ ಶಾಂತವ್ವ, “ಅಯ್ಯ, ನನ್ನ ಅತ್ತಿ ಕಟ್ಟಿದ ಒಲಿ!” ಎಂದು ಎದ್ದೇ ಬಂದಳು. ಆ ಮೂಲವನ್ನು ಬಿಡಲಿಲ್ಲ. ಅದನ್ನೇ ನಡುವೆ ಇಟ್ಟುಕೊಂಡು ಕಟ್ಟಿದೆವು. ಕಟ್ಟಿಗೆ ನೆಲದ ಮೇಲಲ್ಲ, ಕಬ್ಬಿಣದ ಜಾಳಿಗೆಯ ಮೇಲೆ ಕೂರಬೇಕು. ಜಾಳಿಗೆಯ ಕೆಳಗೆ, ಒಲೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಒಂದು ಗಾಳಿಗಂಡಿ. ಗಾಳಿ ಅಲ್ಲಿಂದ ಒಳಗೆ ಬಂದು ಬೆಂಕಿಯ ಬುಡಕ್ಕೆ ತಾಗಬೇಕು. ಮುಂದಿನ ಬಾಯಿ ಕಟ್ಟಿಗೆ ಹಿಡಿಸುವಷ್ಟು ಮಾತ್ರ. ಕೆಂಡದ ಬಿಸಿ ಹೊರಗೆ ಬರಲಿ, ಹೊಗೆ ಬೇಡ. ಹಿಂದುಗಡೆ ಹಿತ್ತಲಿನ ಗೋಡೆಯ ಮೂಲಕ ಹೊಗೆಕೊಳವೆ ಹೊರಗೆ ಹೋಗಿ, ಮಾಳಿಗೆಯ ಕಟ್ಟೆಗಿಂತ ಎತ್ತರಕ್ಕೆ ಏರಬೇಕು. ಇಲ್ಲದಿದ್ದರೆ ಗಾಳಿ ಅದನ್ನು ತಿರುಗಿಸಿ ಮತ್ತೆ ಮನೆಯೊಳಗೇ ದಬ್ಬುತ್ತದೆ.

ರಾಜೇಸಾಬರಿಗೂ ನನಗೂ ಒಂದೇ ಜಗಳ. ಅವರು ಕೊಳವೆಯನ್ನು ಕಟ್ಟಿಗೆಯ ತೊಲೆಗೆ ತಾಗಿಸಿ ಕಟ್ಟುವವರಿದ್ದರು, ಗಟ್ಟಿ ಇರುತ್ತದೆಂದು.

“ಇಲ್ರೀ ಚಾಚಾ. ಕೊಳವಿ ಕಾಯ್ತೈತಿ. ತೊಲಿ ಒಣಾ ಆಗಿ ಆಗಿ ಒಂದಿನ ತಾನ ಹತ್ಕೋತೈತಿ. ನಡುವ ಮೊಳ ಜಾಗಾ ಬಿಡ್ರಿ, ಗ್ವಾಡ್ಯಾಗ ಹೋಗೂವಲ್ಲಿ ಇಟ್ಟಂಗಿ, ಮಣ್ಣು ತುಂಬ್ರಿ.”

“ಬಾಯೇರ, ನನ್ನ ತೆಲಿ ಬೆಳ್ಳಗಾಗೇತಿ.”

“ನಂದೂ ಬೆಳ್ಳಗಾಗೇತ್ರಿ. ಡೈ ಹಚ್ಚೇನಿ.”

ಅವರು ಜೋರಾಗಿ ನಕ್ಕು ಮೊಳ ಜಾಗ ಬಿಟ್ಟರು.

ಇನ್ನು ಕಟ್ಟಿಗೆ. ಹಿತ್ತಲಿನಲ್ಲಿ ನೆಲದ ಮೇಲೆಯೇ ಒಟ್ಟಿದ್ದ ಜಾಲಿಯ ರಾಶಿ ಮಳೆಗೆ ನೆನೆದು ಅಣಬೆ ಎದ್ದಿತ್ತು. ಅದು ಉರಿಯುವುದಿಲ್ಲ, ಬೇಯುತ್ತದೆ. ಬೇಯುವಾಗ ಕಣ್ಣೀರು ಸುರಿಸುತ್ತದೆ, ತನ್ನದೂ ನಮ್ಮದೂ. ಅದೇ ಹೊತ್ತಿಗೆ ಊರ ಹೊರಗೆ ಯಾರೋ ಹಳೆಯ ನಿಂಬೆ ತೋಟ ಕಿತ್ತು ಹೊಸ ಗಿಡ ಹಚ್ಚುವವರಿದ್ದರು. ಒಣಗಿ ನಿಂತ ನಿಂಬೆಯ ಬೊಡ್ಡೆಗಳನ್ನು ಮಲ್ಲು ಟ್ರ್ಯಾಕ್ಟರಿನಲ್ಲಿ ತಂದು ಹಾಕಿಸಿದ. ಒಲೆ ಒಡೆಯುವೆನೆಂದವನೇ ಕಟ್ಟಿಗೆ ತಂದ. ಬೊಡ್ಡೆಗಳನ್ನು ಸೀಳಿಸಿ, ತಗಡಿನ ಕೆಳಗೆ, ಕಲ್ಲುಗಳ ಮೇಲೆ, ನಡುವೆ ಗಾಳಿಯಾಡುವಂತೆ ಒಟ್ಟಿಸಿದೆವು. ನಿಂಬೆ ಕಟ್ಟಿಗೆ ನಿಧಾನ ಉರಿಯುತ್ತದೆ, ಕೆಂಡ ಗಟ್ಟಿ, ಮೇಲಾಗಿ ಒಂದು ಬಗೆಯ ತಿಳಿ ಪರಿಮಳ. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಬ್ ಎಂದರೆ ಇನ್ನೂ ಹಸಿ. ಶಾಂತವ್ವ ಹಾಸಿಗೆಯಲ್ಲಿ ಕೂತೇ ಶಬ್ದ ಕೇಳಿ ತೀರ್ಪು ಕೊಡುತ್ತಿದ್ದಳು. “ಅದು ಬ್ಯಾಡ, ಇನ್ನೊಂದು ತಗೋ. ಅದು ಪಾಸು. ಇದು ಫೇಲು, ಮೇಡಮ್ಮಾ!”

ಹೊತ್ತಿಸುವುದರಲ್ಲಿ ಮಾತ್ರ ನಮ್ಮಿಬ್ಬರದು ಬೇರೆ ಬೇರೆ ಮತ. ಅವಳು ಕೆಳಗೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಡ್ಡಿ, ಅದರ ಮೇಲೆ ಕಟ್ಟಿಗೆ ಇಟ್ಟು ಹೊತ್ತಿಸುವವಳು. ನಾನು ಪ್ಲಾಸ್ಟಿಕ್ಕನ್ನು ಮನೆಯಿಂದಲೇ ಗಡಿಪಾರು ಮಾಡಿದೆ. ಅದರ ಹೊಗೆ ವಿಷ. ಸೀಮೆಎಣ್ಣೆಯೂ ಬೇಡ, ಒಮ್ಮೆಲೆ ಭುಗ್ಗೆಂದು ಸೆರಗಿಗೆ ಹಾರುತ್ತದೆ. ಸೀಳುಗಳನ್ನು ಕೆಳಗಿಟ್ಟು, ಮೇಲೆ ತೊಗರಿ ಗಿಡದ ಕಟಗಿ, ಅದರ ಮೇಲೆ ಒಣ ಜೋಳದ ದಂಟಿನ ಕಣಿಕೆ ಒಂದು ಹಿಡಿ. ಹೊತ್ತಿಸುವುದು ಮೇಲಿನಿಂದ.

“ತೆಲಿ ಮ್ಯಾಲ ಬೆಂಕಿ ಹಚ್ಚತಾಳ!” ಶಾಂತವ್ವ ಹೊರಗಿನಿಂದ ಕೂಗಿದಳು. “ರೇಖಾ, ನೋಡ ಬಾ, ಇಂಗ್ಲಿಷ್ ಒಲಿ!”

ಆದರೆ ಮೇಲಿನ ಜ್ವಾಲೆ ಮೆಲ್ಲಗೆ ಕೆಳಗಿಳಿದು, ಕೆಳಗಿನ ಕಟ್ಟಿಗೆ ಬಿಡುವ ಹೊಗೆಯನ್ನೂ ತಾನೇ ಉಂಡುಬಿಟ್ಟಿತು. ಅವಳು ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದಳು. ಕೊಳವೆ ತಣ್ಣಗಿರುವಾಗ ಹೊಗೆ ಏರಲು ಒಲ್ಲೆನೆನ್ನುತ್ತದೆ. ಅದಕ್ಕೆ ಮೊದಲು ಕೊಳವೆಯ ಬಾಯಿಯಲ್ಲಿ ಒಂದು ಹಿಡಿ ಕಣಿಕೆ ಉರಿಸಿ ಬೆಚ್ಚಗೆ ಮಾಡಬೇಕು. ಇದನ್ನು ತೋರಿಸಿದಾಗ ಮಾತ್ರ ಅವಳು ತಲೆಯಾಡಿಸಿದಳು. “ಇದು ಖರೇ ಐತಿ. ಮುಂಜಾನಿ ತಣ್ಣಗಿದ್ದಾಗ ನನ್ನ ಎದಿನೂ ಹಂಗs. ಬಿಸಿನೀರು ಕುಡದಮ್ಯಾಲನs ಬಿಚ್ಚಕೋತೈತಿ.”

ಬೆಂಕಿ ಹಿಡಿದ ಮೇಲಿನ ರಾಜ್ಯ ಅವಳದೇ. ಯಾವ ಸೀಳನ್ನು ಎಷ್ಟು ಹಿಂದೆಳೆಯಬೇಕು, ಹಂಚಿನ ಯಾವ ಬಣ್ಣಕ್ಕೆ ರೊಟ್ಟಿ ಹಾಕಬೇಕು ಎಂದು ಬಾಗಿಲಿನಿಂದಲೇ ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ನನ್ನ ರೊಟ್ಟಿಗಳು ನಿಜಕ್ಕೂ ಭೂಪಟಗಳೇ ಆಗುತ್ತಿದ್ದವು. ಒಂದು ಆಫ್ರಿಕಾ, ಒಂದು ಶ್ರೀಲಂಕಾ. ಮಾರ್ಗಶಿರದ ಆ ಮುಂಜಾವುಗಳು! ಹೊರಗೆ ಮಂಜು, ಒಳಗೆ ನಿಂಬೆ ಕಟ್ಟಿಗೆಯ ಚಿಟಚಿಟ, ಮೇಲಿನ ಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು, ಅದರಲ್ಲಿ ಹೊಗೆಯ ಒಂದೆಳೆಯೂ ಇಲ್ಲ. ಆ ಬಿಸಿಲು ನೋಡುತ್ತ ಎಷ್ಟೋ ಸಲ ಸುಮ್ಮನೆ ಕೂತಿರುತ್ತಿದ್ದೆ. ನನ್ನ ಕಾನ್ವೆಂಟಿನ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಕಳಿಸಿದೆ. “ಮೈ ಗಾಡ್ ಕಮಲಾ, ಇನ್ನೂ ಕಟ್ಟಿಗೆ ಒಲೆಯಾ? ಹೌ ಪ್ರಿಮಿಟಿವ್!” ಎಂದು ಒಬ್ಬಳು ಬರೆದಳು. ಅವಳ ಡ್ರಾಯಿಂಗ್ ರೂಮಿನಲ್ಲಿ ಅಲಂಕಾರಕ್ಕೆಂದು ಕಟ್ಟಿಸಿದ ಫೈರ್‌ಪ್ಲೇಸ್ ಇದೆ. ಅದರಲ್ಲಿ ಇದುವರೆಗೆ ಬೆಂಕಿ ಬಿದ್ದಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಅದನ್ನೇ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಉಣ್ಣಲು ಬರುವವರಿಗೆಲ್ಲ ಶಾಂತವ್ವನ ರೊಟ್ಟಿಯೇ ಬೇಕು. ಮಲ್ಲು ರಾಜೇಸಾಬರನ್ನೂ ಬರಹೇಳಿದ್ದ. ಹೊಲಕ್ಕೆ ಉಣ್ಣಲೋ, ಒಲೆ ಒಡೆಯಲೋ ಎಂದು ಹೇಳಿರಲಿಲ್ಲ. ಬೆಳಗಾಗುತ್ತಲೇ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಳದ ಹಾರೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಕಟುಕನಲ್ಲ, ಹೆದರಿದವನು. ಹಾರೆಯನ್ನು ಊರುಗೋಲಿನ ಹಾಗೆ ಹಿಡಿದಿದ್ದ.

ಡಾಕ್ಟರ್ ಬಾಯಿ ಒಪ್ಪಿದ್ದಳು. ಆ ದಿನ ಶಾಂತವ್ವ ತಾನೇ ಒಲೆಯ ಮುಂದೆ ಕೂರುವವಳಿದ್ದಳು. ಹಸಿರು ಇಳಕಲ್ಲ ಸೀರೆ ಉಟ್ಟು, ಸೆರಗು ಬಿಗಿಯಾಗಿ ಸಿಕ್ಕಿಸಿ, ಮಣೆಯ ಮೇಲೆ ಕೂತು, ಒಲೆಗೆ ಕೈಮುಗಿದಳು. ಪಕ್ಕದಲ್ಲಿ ನೀರಿನ ಕೊಡ, ಬಾಗಿಲು ಕಿಟಕಿ ತೆರೆದಿದ್ದವು. ನಾನು ಕೊಳವೆಯ ಬಾಯಿಯಲ್ಲಿ ಕಣಿಕೆ ಉರಿಸಿದೆ. ಅವಳು ಕಡ್ಡಿ ಗೀರಿದಳು. ತಲೆಯ ಮೇಲಿನಿಂದಲೇ, ಇಂಗ್ಲಿಷ್ ಒಲೆಯ ಹಾಗೆ.

ಕಣಿಕೆ ಹತ್ತಿತು. ತೊಗರಿ ಕಟಗಿ ಹತ್ತಿತು. ಆಮೇಲೆ ಜ್ವಾಲೆ ಕುಗ್ಗಿ, ಕೆಂಪಗೆ ಮಂಕಾಗಿ, ಒಲೆಯ ಬಾಯಿಯಿಂದ ಹೊಗೆ ಹೊರಗೆ ಬರತೊಡಗಿತು. ಮೊದಲು ಒಂದೆಳೆ. ಆಮೇಲೆ ಜಡೆ. ಆಮೇಲೆ ಅದೇ ಹಳೆಯ ಹಳದಿ ಬೂದಿಬಣ್ಣದ ಹೊಗೆ, ಇಡೀ ಅಡುಗೆಮನೆಗೆ.

“ಇನ್ನೊಂದು ಹಿಡಿ ಕಣಕಿ ಕೊಡು!” ಅಂದೆ. ರೇಖಾ ಕೊಟ್ಟಳು. ಕೊಳವೆಯಲ್ಲಿ ಮತ್ತೆ ಉರಿಸಿದೆ. ಏನೂ ಆಗಲಿಲ್ಲ. ಕಟ್ಟಿಗೆ ಟಣ್ ಎನ್ನುವಂಥದ್ದೇ. ನಾನೇ ಬಡಿದು ನೋಡಿದ್ದೆ. ಶಾಂತವ್ವ ಕೆಮ್ಮತೊಡಗಿದಳು.

“ಶಾಂತಕ್ಕಾ, ಹೊರಗ ನಡಿ.”

“ನಾ ಏಳೂದಿಲ್ಲ.”

“ಡಾಕ್ಟರ್ ಏನಂದಾಳ? ಏಳು!”

“ಎದ್ದ್ರ ಅವ ಒಡೀತಾನ!” ಕೆಮ್ಮಿನ ನಡುವೆ ಕೂಗಿದಳು. ಒಲೆಯ ದಂಡೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು, ಎಮ್ಮೆ ಮಾರಲು ಒಯ್ಯುವಾಗ ಹಗ್ಗ ಹಿಡಿದು ಕೂತವಳ ಹಾಗೆ.

ಮಲ್ಲು ಒಳಗೆ ಬಂದ. ಕಣ್ಣಲ್ಲಿ ನೀರು, ಹೊಗೆಯದೋ ಇನ್ನಾವುದರದೋ. “ಸಾಕ್ರಿ ಅತ್ತಿ. ನೀವ ಮಾತು ಕೊಟ್ಟಿದ್ರಿ. ನಿಮ್ಮ ಕೈಲೆ ಆಗೂದಿಲ್ಲ, ನಾನs ಮಾಡ್ತೇನಿ.” ರೇಖಾ ಅತ್ತೆಯ ತೋಳು ಹಿಡಿದು ಬಾಗಿಲಿನಾಚೆ ಕರೆದೊಯ್ದಳು, ಅವಳು ಬಿದ್ದ ಆ ಮುಂಜಾನೆಯ ಹಾಗೆಯೇ.

ನಾನು ಮಾತ್ರ ಮೂಗಿಗೆ ಸೆರಗು ಕಟ್ಟಿ ನೆಲಕ್ಕೆ ಬಗ್ಗಿದೆ. ಹೊಗೆ ಮೇಲೆ ಇರುತ್ತದೆ. ನೆಲದ ಹತ್ತಿರ ಗಾಳಿ ತಿಳಿ. ಗಾಳಿಗಂಡಿ ಹುಡುಕಿದೆ. ಇರಬೇಕಾದ ಜಾಗದಲ್ಲಿ ಇರಲಿಲ್ಲ. ಒಲೆಯ ಪಕ್ಕದ ಗೋಡೆ ಉದ್ದಕ್ಕೂ ಕೆಮ್ಮಣ್ಣಿನಿಂದ ನುಣ್ಣಗೆ, ಕನ್ನಡಿಯ ಹಾಗೆ ಸಾರಿಸಿತ್ತು. ಅದರ ಮೇಲೆ ಸುಣ್ಣದ ಗೆರೆಗಳಲ್ಲಿ ಬಿಡಿಸಿದ ಒಂದು ಕಮಲ.

ಅರ್ಥವಾಯಿತು. ಹಿಂದಿನ ದಿನ ಸಂಜೆ ಶಾಂತವ್ವ ಒಲೆ ಸಾರಿಸಿದ್ದಳು. ಹಬ್ಬದ ದಿನ ಒಲೆಗೆ ಕಂಡಿ ಬಿದ್ದಂತೆ ಇರಬಾರದು. ಇಷ್ಟು ದಿನ ಹೊರಗೆ ಕೂತು, ಮತ್ತೆ ತನ್ನ ಒಲೆಯ ಹತ್ತಿರ ಬಂದ ಸಂತೋಷಕ್ಕೆ, ಒಂದು ಬೆರಳೂ ಬಿಡದೆ ಸಾರಿಸಿದ್ದಳು. ಪ್ರೀತಿಯಿಂದ ಅದರ ಮೂಗು ಮುಚ್ಚಿದ್ದಳು.

ಎದ್ದೆ. ಮಲ್ಲುವಿನ ಕೈಯಿಂದ ಹಾರೆ ಕಿತ್ತುಕೊಂಡೆ.

“ಕೊಡಿಲ್ಲಿ. ಪ್ರಾಮಿಸ್ ಮಾಡಿದಾಕಿ ನಾನು.”

ಹಾರೆ ಭಾರವಾಗಿತ್ತು. ಸುಳ್ಳು ಹೇಳುವುದಿಲ್ಲ, ಬಹಳ ಭಾರವಾಗಿತ್ತು. ಬಾಗಿಲಿನಾಚೆಯಿಂದ ಶಾಂತವ್ವ ಕಂಡಳು.

“ಕಮಲಾ! ನೀನೂ? ಬ್ಯಾಡವ್ವಾ! ನನ್ನ ಅತ್ತಿ ಒಲಿ ಅದು!”

ಅವಳ ಆ ದನಿ ಕೇಳಿಯೂ ಕೈ ಎತ್ತಿದೆ. ಉತ್ತರ ಹೇಳಲು ಉಸಿರಿರಲಿಲ್ಲ. ಇದ್ದಷ್ಟು ಬಲ ಸೇರಿಸಿ ಆ ಕಮಲದ ನಟ್ಟನಡುವೆ ಹೊಡೆದೆ.

ಒಣ ಕೆಮ್ಮಣ್ಣು ಪರಪರ ಉದುರಿತು. ಇನ್ನೊಮ್ಮೆ. ಕಂಡಿ ತೆರೆಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಲೆ ದೀರ್ಘವಾಗಿ ಉಸಿರೆಳೆದುಕೊಂಡಿತು. ಹೌದು, ಎಲ್ಲರಿಗೂ ಕೇಳಿಸಿತು; ಹೂಂ ಎನ್ನುವ ಒಂದು ದಪ್ಪ ಸದ್ದು. ಜ್ವಾಲೆ ಒಮ್ಮೆಲೆ ಹಳದಿಯಾಗಿ ಎದ್ದು ಕೊಳವೆಯ ಕಡೆ ಬಾಗಿತು. ಬಾಯಿಯಿಂದ ಹೊರಗೆ ಬರುತ್ತಿದ್ದ ಹೊಗೆ, ಯಾರೋ ಕೊಂಡಿ ಹಾಕಿ ಎಳೆದಂತೆ, ಹಿಂದಿರುಗಿ ಒಳಗೆ ಹೋಯಿತು. ಮನೆಯಲ್ಲಿ ತುಂಬಿದ್ದದ್ದು ಬೆಳಕಿಂಡಿಯ ಗಾಜಿನ ಕೆಳಗಿನಿಂದ ನುಣುಚಿಕೊಂಡು ಹೋಗತೊಡಗಿತು. ಬಿಸಿಲಿನ ಕೋಲು ಮೆಲ್ಲಗೆ ತಿಳಿಯಾಗುತ್ತ ಬಂತು.

ರಾಜೇಸಾಬರು ಅಂಗಳದಿಂದ ತಲೆಯೆತ್ತಿ ಕೊಳವೆ ನೋಡಿ, “ಅಲ್ಲಾ, ಹೊಗಿನs ಇಲ್ಲಲ್ಲೋ ಮಲ್ಲು! ಬರೇ ಝಳ ಐತಿ!” ಎಂದು ಕೂಗಿದರು.

ಶಾಂತವ್ವ ಹೊಸ್ತಿಲಲ್ಲಿ ನಿಂತು, ನುಚ್ಚಾಗಿ ಬಿದ್ದ ತನ್ನ ಕಮಲವನ್ನೂ ಆ ಕಂಡಿಯನ್ನೂ ನೋಡಿದಳು. ಆಮೇಲೆ ನನ್ನನ್ನು. “ನಾನs ಮುಚ್ಚಿದ್ನೇನು?”

“ನೀನs.”

“ಚೆಂದ ಕಾಣಲಿ ಅಂತ…”

“ಭಾಳ ಚೆಂದ ಕಾಣತಿತ್ತು” ಅಂದೆ. ಅದೂ ನಿಜ.

ಅಡುಗೆಮನೆ ಪೂರ್ತಿ ತಿಳಿಯಾಗುವವರೆಗೆ ನಾನು ಅವಳನ್ನು ಒಳಗೆ ಬಿಡಲಿಲ್ಲ. ಬಿಟ್ಟ ಮೇಲೆ ಅವಳು ಮಣೆಯ ಮೇಲೆ ಕೂತು, ಹಂಚು ಏರಿಸಿ, ಮೊದಲ ಸಜ್ಜೆ ರೊಟ್ಟಿ ಬಡಿದಳು. ಆ ಬಡಿತ ಓಣಿಗೆಲ್ಲ ಕೇಳಿರಬೇಕು. ಮಲ್ಲು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ಅವನ ತಾಯಿ ಉಸಿರಾಡುತ್ತಿದ್ದಳು, ರೊಟ್ಟಿ ಮಾಡುತ್ತಿದ್ದಳು, ಎರಡೂ ಒಂದೇ ಸಲಕ್ಕೆ. ಹಾಗೆ ಆಗಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಕೇಳಿದ: “ಅತ್ತಿ, ಈ ಹಾರಿ ಅಂಗಡಿಗೆ ಒಯ್ಯಲೇನ್ರಿ?”

“ಬ್ಯಾಡ. ಒಲಿ ಬಾಜೂಕ ಇರ್ಲಿ. ಮುಂದಿನ ಹಬ್ಬಕ್ಕೂ ನಿಮ್ಮವ್ವ ಸಾರಸ್ತಾಳ.”

ಹೋದ ವಾರ ಮುದ್ದೇಬಿಹಾಳದ ಆ ಹೊಗೆಯ ವಾಸನೆ ಹೊತ್ತು ಮನೆಗೆ ಬಂದವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನವೇ ಇಂಡಿಯ ಬಸ್ಸು ಹತ್ತಿದೆ. ಓಣಿಯ ತಿರುವಿನಲ್ಲಿ ನಿಂತು ಮಾಳಿಗೆ ನೋಡಿದೆ. ಕೊಳವೆಯ ಮೇಲೆ ಹೊಗೆಯಿಲ್ಲ. ಗಾಳಿ ಮಾತ್ರ ನೀರಿನ ಹಾಗೆ ನಡುಗುತ್ತಿತ್ತು. ಒಳಗಿನಿಂದ ಬಡಿತ ಕೇಳಿಸುತ್ತಿತ್ತು. ಶಾಂತವ್ವ ತಿರುಗಿ ನೋಡಲಿಲ್ಲ. ನಾನು ನೇರವಾಗಿ ಹೋಗಿ ಬಗ್ಗಿ, ಗಾಳಿಗಂಡಿಯ ಮುಂದೆ ಅಂಗೈ ಹಿಡಿದೆ. ತಂಪು ಗಾಳಿ ಬೆರಳ ಸಂದಿಯಿಂದ ಒಳಗೆ ಹೋಗುತ್ತಿತ್ತು. ಕಂಡಿಯ ಸುತ್ತಲೂ ಹೊಸ ಸುಣ್ಣದ ಗೆರೆ. ಕಮಲದ ದಳಗಳೆಲ್ಲ ಈಗ ಆ ಕಂಡಿಯ ಸುತ್ತ ಅರಳಿದ್ದವು, ನಡುವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಪಕ್ಕದಲ್ಲಿ ಹಾರೆ ನಿಂತಿತ್ತು. ಅದರ ತುದಿಗೂ ಕುಂಕುಮ ಹಚ್ಚಿದ್ದಳು.

“ಚೆಕಿಂಗಿಗೆ ಬಂದೀಯೇನು ಮೇಡಮ್ಮಾ?” ಅಂದಳು, ರೊಟ್ಟಿಯನ್ನು ಕೆಂಡದೆದುರು ಒರಗಿಸುತ್ತ.

“ಹೌದು” ಅಂದೆ.

“ಮುಚ್ಚಿಲ್ಲ. ಕುಂದ್ರು, ಉಣ್ಣು.”